ಅಮ್ಮಚ್ಚಿಗೆ ಮೆಟ್ಟಿಲಿಲ್ಲದ ದಾರಿ

ಇದು ನಡೆದದ್ದು ಕಳೆದ ವರ್ಷ ನವೆಂಬರ್ ತಿಂಗಳಲ್ಲಿ, ಇಪ್ಪತ್ತೊಂದು ದಿನಗಳ ಒಳಗೆ.

ನಮ್ಮ ಚರ್ಚು ಕಡಬದಿಂದ ಒಂಬತ್ತು ಕಿಲೋಮೀಟರ್ ಒಳಗೆ, ಒಂದು ಗುಡ್ಡದ ತಲೆಯ ಮೇಲೆ ಇದೆ. ಹಿಂದೆ ಕೇರಳದಿಂದ ಬಂದು ನೆಲೆಸಿದವರ ಇಪ್ಪತ್ತಾರು ಮನೆಗಳ ಸಣ್ಣ ಸಭೆ. ಅಮೆರಿಕದ ಒಂದು ಹಳ್ಳಿ ಚರ್ಚಿನಿಂದ ಏಳು ಜನರ ತಂಡ ನಮ್ಮಲ್ಲಿಗೆ ಬಂತು. ನಾನು ಪುತ್ತೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಕಡಬದ ಒಂದು ರಬ್ಬರ್ ಡಿಪೋದಲ್ಲಿ ರಬ್ಬರ್ ಹಾಲನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಇಂಗ್ಲಿಷ್ ಬರುತ್ತದೆ, ಪಟ್ಟಿ ಮಾಡುವ ಅಭ್ಯಾಸವಿದೆ ಎಂಬ ಎರಡು ಕಾರಣಕ್ಕೆ ನನ್ನನ್ನು ತಂಡದ ಜೊತೆ ಹಾಕಿದರು.

ನಾನು ಪಟ್ಟಿ ಮಾಡಿದ್ದು ಪಟ್ಟಿಯ ಹಾಗೆ ನಡೆದದ್ದು ಕಡಿಮೆ. ನಡೆಯದೆ ಇದ್ದದ್ದನ್ನು ಇಲ್ಲಿ ಬರೆದಿದ್ದೇನೆ.

೧. ಅರ್ಜೆಂಟ್ ಇಲ್ಲ

ತಂಡ ಬರುವ ಮೊದಲೇ ಅವರ ಲೀಡರ್ ಪತ್ರ ಬರೆದು ಕೇಳಿದ್ದರು: ‘ನಾವು ಬಂದು ಏನು ಮಾಡಿದರೆ ನಿಮಗೆ ಉಪಯೋಗ?’ ಲೀಡರ್ ಎಂದರೆ ಎಪ್ಪತ್ತು ವರ್ಷದ ಒಬ್ಬ ನಿವೃತ್ತ ರಸ್ತೆ ಎಂಜಿನಿಯರ್. ನಮ್ಮ ಪಾದ್ರಿಯನ್ನು ನಾವು ಅಚ್ಚನ್ ಎನ್ನುತ್ತೇವೆ. ಅಚ್ಚನ್ ಒಂದೇ ಸಾಲಿನ ಉತ್ತರ ಕಳಿಸಿದರು: ‘ಮೆಟ್ಟಿಲಿಲ್ಲದ ಒಂದು ದಾರಿ ಬೇಕು.’

ಅದಕ್ಕೆ ಕಾರಣ ನನ್ನ ಅಜ್ಜಿ.

ಅಮ್ಮಚ್ಚಿಗೆ ಎಂಬತ್ತೆರಡು. ಊರಿಗೆಲ್ಲ ಅವರು ಅಮ್ಮಚ್ಚಿಯೇ. ಹದಿನೆಂಟನೇ ವಯಸ್ಸಿನಲ್ಲಿ ಈ ಚರ್ಚಿನ ಮೆಟ್ಟಿಲಿಗೆ ಕೆಂಪುಕಲ್ಲನ್ನು ತಲೆಯ ಮೇಲೆ ಹೊತ್ತವರು. ಒಟ್ಟು ನಲವತ್ತೊಂದು ಮೆಟ್ಟಿಲು. ಮೂರೂವರೆ ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿಯಿತು. ಈಗ ವಾಕರ್ ಹಿಡಿದು ಸಮತಟ್ಟಿನಲ್ಲಿ ನಡೆಯುತ್ತಾರೆ. ಮೆಟ್ಟಿಲು ಆಗುವುದಿಲ್ಲ. ಬೇರೆ ದಾರಿ ಇಲ್ಲ.

ಪ್ರತಿ ಭಾನುವಾರ ಚಟ್ಟ ಎಂಬ ಬಿಳಿ ರವಿಕೆ ತೊಟ್ಟು, ಬಿಳಿ ಮುಂಡು ಉಟ್ಟು, ನಮ್ಮ ಮನೆಯ ಜಗಲಿಯಲ್ಲಿ ಗುಡ್ಡದ ಕಡೆ ಮುಖ ಮಾಡಿ ಕೂರುತ್ತಾರೆ. ನಾನು ಬಂದ ಕೂಡಲೇ ಕೇಳುತ್ತಾರೆ:

“ಅಚ್ಚನ್ ಪ್ರಸಂಗದಲ್ಲಿ ಎಂತ ಹೇಳಿದ್ರು?”

ನಾನು ಹೇಳುತ್ತೇನೆ. ಅವರಿಗೆ ಸಾಲುವುದಿಲ್ಲ.

“ಇಷ್ಟೇಯಾ? ನೀನು ನಿದ್ದೆ ಮಾಡಿದ್ದಿ. ನಾನು ಒಂದು ಶಬ್ದ ಬಿಡದೆ ಕೇಳುವವಳು. ಮೂರೂವರೆ ವರ್ಷದ ಪ್ರಸಂಗ ಹೋಯ್ತು ನನಗೆ.”

ಚರ್ಚಿನ ಯುವಕರು ನಾಲ್ಕು ಜನ ಒಮ್ಮೆ ಕುರ್ಚಿ ತಂದರು. “ಅಮ್ಮಚ್ಚಿ, ಕೂತುಕೊಳ್ಳಿ. ಹೊತ್ತುಕೊಂಡು ಹೋಗ್ತೇವೆ.”

ಸ್ಮಶಾನ ಇರುವುದು ಚರ್ಚಿನ ಹಿಂದೆಯೇ. ಅಮ್ಮಚ್ಚಿ ಕುರ್ಚಿಯನ್ನು ನೋಡಿದರು, ಗುಡ್ಡವನ್ನು ನೋಡಿದರು.

“ನನ್ನನ್ನು ಅಲ್ಲಿಗೆ ಹೊತ್ತುಕೊಂಡು ಹೋಗುದು ಒಂದೇ ಸಲ. ಅದಕ್ಕೆ ಈಗ ಅರ್ಜೆಂಟ್ ಇಲ್ಲ.”

೨. ಅರವತ್ತಮೂರು ಊಟ

ಇಪ್ಪತ್ತೊಂದು ದಿನ, ದಿನಕ್ಕೆ ಮೂರು ಹೊತ್ತು, ಒಟ್ಟು ಅರವತ್ತಮೂರು ಊಟ. ಇಪ್ಪತ್ತಾರು ಮನೆಗೆ ತಲಾ ಎರಡು. ಉಳಿದದ್ದು ಚರ್ಚಿನ ಅಡುಗೆಮನೆಯಲ್ಲಿ. ಪಟ್ಟಿಯನ್ನು ಟೈಪ್ ಮಾಡಿ ನೋಟಿಸ್ ಬೋರ್ಡಿಗೆ ಹಾಕಿದೆ. ಎಲ್ಲರೂ ಓದಿದರು. ಎಲ್ಲರೂ ಒಪ್ಪಿದರು.

ಎರಡನೇ ದಿನ ಬೆಳಿಗ್ಗೆ ಏಳೂವರೆಗೆ ಪಟ್ಟಿಯ ಪ್ರಕಾರ ಒಂದು ಮನೆಯಲ್ಲಿ ಪುಟ್ಟು ಕಡಲೆಯ ತಿಂಡಿ ಆಯಿತು. ಅಲ್ಲಿಂದ ಚರ್ಚಿಗೆ ಆರುನೂರು ಮೀಟರ್. ನಡುವೆ ನಾಲ್ಕು ಮನೆ. ನಾಲ್ಕೂ ಗೇಟಿನಲ್ಲಿ ಜನ.

“ಬನ್ನಿ, ಬನ್ನಿ. ಒಂದು ಚಾ ಕುಡಿದು ಹೋಗಿ.”

ನಾನು ಪಟ್ಟಿ ತೋರಿಸಿದೆ. “ನಿಮ್ಮ ಮನೆ ಗುರುವಾರ.”

“ಅದು ಊಟ ಮಾರಾಯ್ತಿ. ಇದು ಚಾ.”

ನಮ್ಮ ಕಡೆ ಚಾ ಎಂದರೆ ಬರೀ ಚಾ ಕೊಟ್ಟು ಕಳಿಸುವುದು ಅವಮಾನ. ಮೊದಲ ಮನೆಯಲ್ಲಿ ಚಾದ ಜೊತೆ ಬೇಯಿಸಿದ ಮರಗೆಣಸು ಮತ್ತು ಮೀನು ಸಾರು. ಎರಡನೆಯದರಲ್ಲಿ ಎಣ್ಣೆಯಲ್ಲಿ ಕರಿದ ನೇಂದ್ರ ಬಾಳೆಹಣ್ಣಿನ ಪೋಡಿ. ಮೂರನೆಯದರಲ್ಲಿ ಅಕ್ಕಿ ಹಿಟ್ಟಿನ ಅಪ್ಪ ಮತ್ತು ಕೋಳಿ ಸಾರು. ನಾಲ್ಕನೆಯ ಮನೆಯವರು ಮೂರನೆಯವರು ಏನು ಕೊಟ್ಟರು ಎಂದು ವಿಚಾರಿಸಿ, ಆಮೇಲೆ ಒಲೆ ಹಚ್ಚಿದರು.

ಕೊಟ್ಟದ್ದನ್ನು ಬೇಡ ಎನ್ನಬಾರದು ಎಂದು ಲೀಡರ್ ತಮ್ಮ ತಂಡಕ್ಕೆ ಮೊದಲೇ ನಿಯಮ ಮಾಡಿದ್ದರು. ನಿಯಮ ಮಾಡಿದವರು ಎಂದು ಅವರೇ ಎಲ್ಲರಿಗಿಂತ ಹೆಚ್ಚು ತಿನ್ನಬೇಕಾಯಿತು. ಕೆಲಸದ ಜಾಗ ತಲುಪಿದಾಗ ಹನ್ನೊಂದು ಗಂಟೆ. ಹನ್ನೆರಡೂವರೆಗೆ ಮಧ್ಯಾಹ್ನದ ಊಟಕ್ಕೆ ಕರೆ ಬಂತು. ಅದು ಮುಗಿಯುವಾಗ ಸಂಜೆಯ ಚಾಕ್ಕೆ.

ಲೀಡರ್ ಪ್ರತಿದಿನ ತಮ್ಮ ಊರಿನ ಚರ್ಚಿಗೆ ವರದಿ ಕಳಿಸಬೇಕಿತ್ತು. ಅಂದಿನದನ್ನು ನನಗೆ ತೋರಿಸಿದರು. ‘ಊಟ: ಎಂಟು. ಕೆಲಸ: ಒಂದೂವರೆ ಗಂಟೆ. ಗಾಯ: ಯಾರಿಗೂ ಇಲ್ಲ. ಅಪಾಯ: ನಾಳೆಯೂ ಇದೇ ದಾರಿ.’

೩. ಮಾದರಿ ತೋಟ

ತಂಡದಲ್ಲಿ ಒಬ್ಬಳು ನರ್ಸ್ ಇದ್ದಳು. ಇಪ್ಪತ್ತಾರು ವರ್ಷ. ಕೈ ಸುಮ್ಮನಿರುವುದಿಲ್ಲ. ಬಂದ ಮರುದಿನವೇ ನಮ್ಮ ಆರೋಗ್ಯ ಕೇಂದ್ರದ ಗೋಡೆಯ ಮೇಲಿನ ಡೆಂಗ್ಯೂ ಚಿತ್ರವನ್ನು ನೋಡಿ, ಅದರಲ್ಲಿ ಏನು ಬರೆದಿದೆ ಎಂದು ನನ್ನನ್ನು ಕೇಳಿದಳು. ನಾನು ಶಬ್ದ ಬಿಡದೆ ಹೇಳಿದೆ: ‘ಮನೆಯ ಸುತ್ತ ನೀರು ನಿಂತ ಪಾತ್ರೆಗಳನ್ನು ಬೋರಲು ಹಾಕಿ.’

ಮೂರನೇ ದಿನ ಬೆಳಿಗ್ಗೆ ಎಂಟಕ್ಕೆ ಅವಳು, ಅವಳ ಜೊತೆ ಇನ್ನೊಬ್ಬ, ವಾಕಿಂಗ್ ಹೋದರು. ದಾರಿ ಚರ್ಚಿನ ಸೆಕ್ರೆಟರಿಯ ರಬ್ಬರ್ ತೋಟದ ಒಳಗೆ. ಹಿಂದಿನ ದಿನ ಸಂಜೆ ಮಳೆ ಬಂದಿತ್ತು. ಪ್ರತಿ ಮರಕ್ಕೂ ಬಟ್ಟಲಿನಂಥ ಒಂದು ಕಪ್ಪು ಕಟ್ಟಿದೆ. ಪ್ರತಿ ಕಪ್ಪಿನಲ್ಲೂ ಏನೋ ಬೆಳ್ಳಗೆ ನಿಂತಿದೆ. ನೀರು ಹಾಳಾಗಿ ಬೆಳ್ಳಗಾಗಿದೆ ಎಂದು ಅವಳು ತೀರ್ಮಾನ ಮಾಡಿದಳು.

ಇಬ್ಬರೂ ಸೇರಿ ಇನ್ನೂರ ಹನ್ನೆರಡು ಕಪ್ಪುಗಳನ್ನು ಬೋರಲು ಹಾಕಿದರು.

ಸೆಕ್ರೆಟರಿ ಬೆಳಗಿನ ಜಾವ ಮರದ ತೊಗಟೆ ಗೀರಿ ಟ್ಯಾಪಿಂಗ್ ಮಾಡಿ, ಹಾಲು ಇಳಿಯಲಿ ಎಂದು ಬಿಟ್ಟು, ಗಂಜಿ ಉಂಡು, ಹತ್ತು ಗಂಟೆಗೆ ಬಕೆಟ್ ಹಿಡಿದು ಬಂದರು. ಆಗ ನರ್ಸ್ ಕೊನೆಯ ಸಾಲಿನಲ್ಲಿದ್ದಳು. ಖುಷಿಯಿಂದ ಕೈ ಬೀಸಿದಳು.

ಸೆಕ್ರೆಟರಿ ಮಾತು ಕಡಿಮೆಯ ಮನುಷ್ಯ. ಬಕೆಟ್ ಕೆಳಗಿಟ್ಟು ನನಗೆ ಫೋನ್ ಮಾಡಿದರು. “ಒಮ್ಮೆ ಬಾ. ಇವರಿಗೆ ರಬ್ಬರ್ ಅಂದ್ರೆ ಎಂತ ಅಂತ ಇಂಗ್ಲಿಷಿನಲ್ಲಿ ಹೇಳ್ಲಿಕ್ಕುಂಟು.”

ನಾನು ಹೇಳಿದೆ. ಅವಳು ಅತ್ತಳು. ಸೆಕ್ರೆಟರಿಗೆ ಗಾಬರಿಯಾಯಿತು.

“ಅಳ್ಬೇಡಿ ಅಂತ ಹೇಳು. ಬೋರಲು ಹಾಕ್ಲಿಕ್ಕೆ ನಮಗೂ ಹೇಳಿದ್ದಾರೆ, ಟ್ಯಾಪಿಂಗ್ ಇಲ್ಲದ ದಿನ. ಅವಳ ಬುದ್ಧಿ ಸರಿ ಉಂಟು. ಟೈಮ್ ಮಾತ್ರ ತಪ್ಪಿದ್ದು.”

ಹನ್ನೊಂದು ಗಂಟೆಗೆ ಆರೋಗ್ಯ ಇಲಾಖೆಯ ಕಾರ್ಯಕರ್ತೆ ಸಮೀಕ್ಷೆಗೆ ಬಂದಳು. ತೋಟದ ಒಳಗೆ ಒಂದು ಸುತ್ತು ಹಾಕಿದಳು. ಇಡೀ ವಾರ್ಡಿನಲ್ಲಿ ಒಂದು ಕಪ್ಪೂ ಬಿಡದೆ ಬೋರಲು ಹಾಕಿದ ಏಕೈಕ ತೋಟ ಇದು ಎಂದು, ಸೆಕ್ರೆಟರಿಯನ್ನು ಮರದ ಪಕ್ಕ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದಳು.

೪. ಗೌಡರ ಷರತ್ತು

ನಾಲ್ಕನೇ ದಿನ ಲೀಡರ್ ಅಳತೆ ಮುಗಿಸಿದರು. ಮೆಟ್ಟಿಲು ನಲವತ್ತೊಂದು, ಒಂದೊಂದು ಹದಿನೈದು ಸೆಂಟಿಮೀಟರ್. ಎತ್ತರ ಆರು ಮೀಟರ್ ಹದಿನೈದು ಸೆಂಟಿಮೀಟರ್. ವಾಕರ್ ಹಿಡಿದವರು ಹತ್ತಬೇಕಾದರೆ ಒಂದು ಮೀಟರ್ ಏರಲು ಹನ್ನೆರಡು ಮೀಟರ್ ಉದ್ದ ಬೇಕು. ಗುಣಿಸಿದರೆ ಸುಮಾರು ಎಪ್ಪತ್ತನಾಲ್ಕು ಮೀಟರ್.

ಚರ್ಚಿನ ಜಾಗದಲ್ಲಿ ಅಷ್ಟು ಉದ್ದಕ್ಕೆ ಎಡೆ ಇಲ್ಲ. ಪಕ್ಕದಲ್ಲಿರುವುದು ಗೌಡರ ಗೇರುಗುಡ್ಡೆ. ಗೌಡರು ಸುಳ್ಯ ಕಡೆಯಿಂದ ಬಂದು ಇಲ್ಲಿ ನೆಲೆಯಾದವರು; ಮನೆಮಾತು ಅರೆಭಾಷೆ. ಅವರು ಜಾಗ ಬಿಟ್ಟರೆ ದಾರಿ. ಬಿಡದಿದ್ದರೆ ಅಮ್ಮಚ್ಚಿಗೆ ಜಗಲಿಯೇ ಗತಿ.

ಅಚ್ಚನ್, ಲೀಡರ್, ನಾನು ಹೋದೆವು. ಗೌಡರು ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು. ನಕ್ಷೆಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇವರು ಏಳು ಜನ ದಿನಕ್ಕೆ ಎಂಟು ಸಲ ನಮ್ಮ ಗೇಟಿನ ಎದುರು ಹೋಗ್ತಾರೆ. ಆಚೆ ಮನೆಯಲ್ಲಿ ತಿಂದ್ರು. ಈಚೆ ಮನೆಯಲ್ಲಿ ತಿಂದ್ರು. ನಮ್ಮ ಮನೆಯಲ್ಲಿ ಎಂತ, ವಿಷ ಉಂಟಾ?”

ಅಚ್ಚನ್ ನನ್ನನ್ನು ನೋಡಿದರು.

“ಗೌಡ್ರೇ, ಪಟ್ಟಿಯಲ್ಲಿ ಚರ್ಚಿನ ಮನೆಗಳು ಮಾತ್ರ...” ಎಂದೆ.

“ಪಟ್ಟಿ ಮಾಡಿದ್ದು ಯಾರು?”

“ನಾನು.”

“ಓದಿದ್ದು ಎಷ್ಟು?”

“ಬಿ.ಎಸ್ಸಿ.”

“ಅದರಲ್ಲಿ ನೆರೆಕರೆ ಅಂತ ಒಂದು ಪಾಠ ಇಲ್ವಾ?”

ಇರಲಿಲ್ಲ. ಒಪ್ಪಿಕೊಂಡೆ.

“ನನ್ನ ಮದುವೆಗೆ ಮುನ್ನೂರು ಅಪ್ಪ ಸುಟ್ಟು ಕಳಿಸಿದವರು ನಿನ್ನ ಅಮ್ಮಚ್ಚಿ. ಅವರಿಗೆ ದಾರಿ ಬೇಡ ಅಂತ ನಾನು ಹೇಳ್ತೇನಾ? ಆದ್ರೆ ಮೊದಲು ಊಟ. ಆಮೇಲೆ ಜಾಗ.”

ಮರುದಿನ ಮಧ್ಯಾಹ್ನ ಗೌಡರ ಮನೆಯಲ್ಲಿ ಊಟ. ಊರಕೋಳಿ ಸಾರು, ಅಕ್ಕಿರೊಟ್ಟಿ, ಉಪ್ಪಿನಲ್ಲಿಟ್ಟ ಬಿದಿರು ಕಣಿಲೆಯ ಪಲ್ಯ, ಪಾಯಸ. ಲೀಡರ್ ನಾಲ್ಕು ಸಲ ಬಡಿಸಿಕೊಂಡರು. ಊಟ ಮುಗಿದ ಮೇಲೆ ಗೌಡರು ಕೈ ತೊಳೆದು, ಕತ್ತಿ ಹಿಡಿದು, ತಾವೇ ಗುಡ್ಡೆಗೆ ಹೋಗಿ ಮೊದಲ ಪೊದೆ ಕಡಿದರು. ಎರಡು ಮೀಟರ್ ಅಗಲಕ್ಕೆ ಗೂಟ ಹೊಡೆದರು.

ಲೀಡರ್ ಮೆಲ್ಲಗೆ ನನ್ನಿಂದ ಕೇಳಿಸಿದರು: ತಿರುವಿನಲ್ಲಿ ಇನ್ನೊಂದು ಮೀಟರ್ ಸಿಕ್ಕಿದರೆ ಒಳ್ಳೆಯದಿತ್ತು, ಸಾಧ್ಯವೇ?

ಗೌಡರು ಬೆವರು ಒರೆಸಿಕೊಂಡರು. “ಅದಕ್ಕೆಂತ. ರಾತ್ರಿ ಊಟಕ್ಕೂ ಬನ್ನಿ.”

೫. ಮೂರು ಸಲ ನಗು

ಮೊದಲ ಭಾನುವಾರ ಲೀಡರ್ ಸಭೆಗೆ ವಂದನೆ ಹೇಳಬೇಕಿತ್ತು. ನಾನು ಕನ್ನಡಕ್ಕೆ, ಸೆಕ್ರೆಟರಿ ಮಲಯಾಳಕ್ಕೆ, ಭಾನುವಾರದ ಶಾಲೆಯ ಟೀಚರ್ ತುಳುವಿಗೆ ಹೇಳುವುದು ಎಂದು ಕಮಿಟಿ ತೀರ್ಮಾನಿಸಿತು.

ನಮ್ಮ ಸಭೆಯಲ್ಲಿ ಮೂರೂ ಭಾಷೆ ಬಾರದವರು ಒಬ್ಬರೂ ಇಲ್ಲ. ನಾನು ಅದನ್ನು ಕಮಿಟಿಗೆ ಹೇಳಿದೆ.

“ಬರ್ತದೆ, ಸರಿ. ಆದ್ರೆ ಬಿಟ್ಟ ಭಾಷೆಯವರಿಗೆ ಬೇಸರ ಆಗುದಿಲ್ವಾ?” ಎಂದರು.

ಲೀಡರ್ ತಾವು ಬಂದ ದಿನದ ಒಂದು ತಮಾಷೆ ಹೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಸೆಕ್ರೆಟರಿ ಮಲಯಾಳದಲ್ಲಿ ಹೇಳಿದರು. ಅದೇ ಜನ ಅಷ್ಟೇ ಜೋರಾಗಿ ನಕ್ಕರು. ಟೀಚರ್ ತುಳುವಿನಲ್ಲಿ ಹೇಳಿದರು. ಮತ್ತೆ ನಕ್ಕರು. ಒಂದು ಸಲವೂ ಕಡಿಮೆ ನಗಲಿಲ್ಲ. ತನ್ನ ತಮಾಷೆಗೆ ಇಷ್ಟು ನಗುವ ಸಭೆಯನ್ನು ಜೀವನದಲ್ಲಿ ನೋಡಿಲ್ಲ ಎಂದು ಲೀಡರ್ ಇನ್ನೂ ಎರಡು ತಮಾಷೆ ಸೇರಿಸಿದರು.

ಹತ್ತು ನಿಮಿಷದ ವಂದನೆ ನಲವತ್ತೆಂಟು ನಿಮಿಷ ಆಯಿತು.

ಗೌಡರನ್ನು ಅಂದು ವಿಶೇಷವಾಗಿ ಕರೆದಿದ್ದೆವು. ಹೊರಗೆ ಬಂದ ಮೇಲೆ ಅವರಲ್ಲಿ ಕ್ಷಮೆ ಕೇಳಿದೆ. “ಗೌಡ್ರೇ, ಒಂದೇ ವಿಷಯವನ್ನು ಮೂರು ಸಲ ಕೇಳಬೇಕಾಯ್ತು. ಬೇಸರ ಮಾಡ್ಕೊಳ್ಬೇಡಿ.”

“ಮೂರು ಸಲ ಹೇಳಿದ್ದಕ್ಕೆ ಬೇಸರ ಇಲ್ಲ,” ಎಂದರು ಗೌಡರು. “ನಮ್ಮ ಅರೆಭಾಷೆಯಲ್ಲಿ ಹೇಳಿಲ್ಲ. ಅದಕ್ಕೆ ಬೇಸರ.”

೬. ಏಳನೇ ಕ್ಲಾಸು

ಕೈಹಿಡಿಯ ಪೈಪು ತರಲು ಲೀಡರ್ ಮತ್ತು ನಾನು ಪುತ್ತೂರಿಗೆ ಹೋದೆವು. ಬೇಕಾದ ದಪ್ಪದ್ದು ಸಿಗಲಿಲ್ಲ. ಕಬಕದ ಒಬ್ಬ ಬ್ಯಾರಿಯವರ ಅಂಗಡಿಯಲ್ಲಿ ಸಿಗುತ್ತದೆ ಎಂದರು. ಹೋದೆವು. ಗಲ್ಲಾಪೆಟ್ಟಿಗೆಯ ಹಿಂದೆ ಬಿಳಿ ಗಡ್ಡದ ಹಾಜಿಯವರು ಕೂತಿದ್ದರು.

ನಾನು ಕನ್ನಡದಲ್ಲಿ ಕೇಳಿದೆ. ಅವರು ಲೀಡರನ್ನು ನೋಡಿ ನೇರ ಇಂಗ್ಲಿಷಿನಲ್ಲಿ ಕೇಳಿದರು: “ಎಂತಕ್ಕೆ ಪೈಪು?” ಲೀಡರ್ ನಕ್ಷೆ ಬಿಡಿಸಿ, ಅಮ್ಮಚ್ಚಿಯ ವಾಕರಿನ ವಿಷಯ ಹೇಳಿದರು. ಹಾಜಿಯವರು ಕನ್ನಡಕ ಹಾಕಿಕೊಂಡು ಒಂದು ನಿಮಿಷ ನೋಡಿದರು.

“ಇದರಲ್ಲಿ ಕೂರ್ಲಿಕ್ಕೆ ಕಟ್ಟೆ ಎಲ್ಲಿ?”

ಲೀಡರ್ ತಿರುವಿನಲ್ಲಿ ಎರಡು ಕಡೆ ತೋರಿಸಿದರು.

“ಎರಡು ಸಾಕಾಗ್ಲಿಕ್ಕಿಲ್ಲ. ಒಂಬತ್ತು ಮೀಟರಿಗೆ ಒಂದು ಸಮತಟ್ಟು ಕಟ್ಟೆ ಬೇಕು. ನಿಮ್ಮ ಅಮ್ಮಚ್ಚಿ ನಡುವೆ ದಣಿದರೆ ವಾಕರ್ ಹಿಂದೆ ಜಾರ್ತದೆ. ಮತ್ತೆ ಪೈಪು ಎರಡು ಸಾಲು ಹಾಕಿ. ಕೆಳಗಿನದು ಮಕ್ಕಳಿಗೆ.”

ಲೀಡರ್ ಅಲ್ಲೇ ಸ್ಟೂಲಿನ ಮೇಲೆ ಕೂತು ನಕ್ಷೆ ತಿದ್ದಿದರು. ಎಂಟು ಕಟ್ಟೆಗಳು ಬಂದವು. ಕಟ್ಟೆಗಳೂ ಸೇರಿ ದಾರಿಯ ಉದ್ದ ಎಂಬತ್ತಾರು ಮೀಟರ್ ಆಯಿತು. ಆಮೇಲೆ ಗೌರವದಿಂದ, ತಾವು ಎಂಜಿನಿಯರಿಂಗ್ ಮಾಡಿದ್ದು ಎಲ್ಲಿ ಎಂದು ಕೇಳಿದರು.

“ನಾನು ಏಳನೇ ಕ್ಲಾಸು ಫೇಲು,” ಎಂದರು ಹಾಜಿಯವರು. “ಗಲ್ಫಿನಲ್ಲಿ ಇಪ್ಪತ್ತೆರಡು ವರ್ಷ ಇಂಥದ್ದಕ್ಕೇ ಕಾಂಕ್ರೀಟು ಹಾಕ್ಸಿದ್ದು. ನಿಮ್ಮ ಹಾಗೆ ಓದಿದ ಎಂಜಿನಿಯರ್ ತುಂಬಾ ಜನ ನನ್ನ ಕೈ ಕೆಳಗೆ ಕಲ್ತಿದ್ದಾರೆ.”

೭. ತನಿಖೆ

ಪರದೇಶದವರು ಬಂದಿದ್ದಾರೆ ಎಂದ ಮೇಲೆ ಪೊಲೀಸರು ಬಂದೇ ಬರುತ್ತಾರೆ. ಹತ್ತನೇ ದಿನ ಬೀಟ್ ಪೊಲೀಸರೊಬ್ಬರು ಬೈಕಿನಲ್ಲಿ ಬಂದರು. ನಾನು ಏಳು ಪಾಸ್‌ಪೋರ್ಟ್ ಪ್ರತಿಗಳನ್ನು ಕ್ರಮವಾಗಿ ಕೊಟ್ಟೆ. ಅವರು ನೋಡಿದರು, ಬರೆದುಕೊಂಡರು.

“ಇವರು ಇಲ್ಲಿ ಎಂತ ಮಾಡ್ತಾ ಇದ್ದಾರೆ?”

“ಸಿಮೆಂಟ್ ಕಲಸ್ತಾ ಇದ್ದಾರೆ.”

“ಅದಲ್ಲ. ನಿಜ ಹೇಳಿ.”

“ಬನ್ನಿ, ನೋಡಿ.”

ಬಂದು ನೋಡಿದರು. ನರ್ಸ್ ಹೊಯ್ಗೆ, ಎಂದರೆ ಮರಳು, ಹಾಕುತ್ತಿದ್ದಳು, ಲೀಡರ್ ನೀರು, ಗೌಡರು ಸಲಿಕೆ. ಪೊಲೀಸರು ರಾಶಿಗೆ ಒಂದು ಸುತ್ತು ಬಂದರು. ಮುಖ ಗಂಭೀರವಾಗುತ್ತಾ ಹೋಯಿತು. ಅಚ್ಚನ್ ಓಡಿ ಬಂದರು. ಎಲ್ಲರೂ ಕೆಲಸ ನಿಲ್ಲಿಸಿದರು.

“ಇದು ಸರಿ ಇಲ್ಲ,” ಎಂದರು ಪೊಲೀಸರು.

ಗೌಡರು ಸಲಿಕೆ ಕೆಳಗಿಟ್ಟರು.

“ಹೊಯ್ಗೆ ಜಾಸ್ತಿಯಾಯ್ತು ಮಾರಾಯ್ರೆ. ನನ್ನ ಅಪ್ಪ ಮೇಸ್ತ್ರಿ. ಇದು ಒಂದು ಮಳೆಗಾಲ ತಾಳ್ಲಿಕ್ಕಿಲ್ಲ.”

ಟೊಪ್ಪಿಯನ್ನು ಅಚ್ಚನ್ ಕೈಗೆ ಕೊಟ್ಟು, ಸಲಿಕೆ ತೆಗೆದುಕೊಂಡು, ಒಂದು ಪಾಲು ಕಲಸಿ ತೋರಿಸಿದರು. ಬೈಕ್ ಹತ್ತುವಾಗ ಪುಸ್ತಕದಲ್ಲಿ ಏನೋ ಬರೆದರು. ವರದಿಯಲ್ಲಿ ಏನು ಬರೆದಿರಿ ಎಂದು ಅಚ್ಚನ್ ಹೆದರಿ ಹೆದರಿ ಕೇಳಿದರು.

“ಎಂತ ಇಲ್ಲ ಫಾದರ್. ನಾಳೆ ಪುನಃ ಬರ್ತೇನೆ. ನೀರು ಕಡಿಮೆ ಹಾಕ್ಲಿಕ್ಕೆ ಹೇಳಿ.”

೮. ದನ

ಹನ್ನೆರಡನೇ ದಿನ ಕೊನೆಯ ಕಾಂಕ್ರೀಟು ಬಿತ್ತು, ಎರಡು ತುದಿಯಿಂದಲೂ ಕೆಲಸ ಬಂದು ಸೇರಿದ ಆರನೇ ಕಟ್ಟೆಗೆ. ಮೇಲ್ಮೈ ನುಣುಪಾಗಿ ತೇದು ಮುಗಿಸುವಾಗ ಊಟಕ್ಕೆ ಕರೆ ಬಂತು. ಒಬ್ಬರು ಕಾವಲಿಗೆ ಇರಬೇಕು ಎಂದೆ. ನಾನೇ ಇರುತ್ತೇನೆ ಎಂದೆ. ಊಟ ಬಿಟ್ಟು ಒಬ್ಬರು ಬಿಸಿಲಿನಲ್ಲಿ ಕೂತರೆ ಮನೆಯವರ ಮರ್ಯಾದೆ ಏನಾಗಬೇಕು ಎಂದು ನನ್ನನ್ನೂ ಎಳೆದುಕೊಂಡು ಹೋದರು.

ಬಂದು ನೋಡುವಾಗ ಗೌಡರ ದನ ಆರನೇ ಕಟ್ಟೆಯ ಮೇಲೆ ನಿಂತು, ಕೆಳಗಿನ ಊರು ನೋಡುತ್ತಿತ್ತು. ಹದಿನಾಲ್ಕು ಹೆಜ್ಜೆಗುರುತುಗಳು.

ಗೌಡರಿಗೆ ನಾಚಿಕೆಯಾಯಿತು. ಹೊರಗೆ ತೋರಿಸಲಿಲ್ಲ. “ಜಾಗ ಕೊಟ್ಟದ್ದು ನಾವು. ಉದ್ಘಾಟನೆ ನಮ್ಮದೇ ಆಗ್ಬೇಕಲ್ಲ.”

ಲೀಡರ್ ಬಗ್ಗಿ, ಅಳತೆಪಟ್ಟಿ ಹಿಡಿದು ಒಂದೊಂದೇ ಗೊರಸಿನ ಆಳ ಅಳೆದರು. ಜಾರದ ಹಾಗೆ ನೆಲವನ್ನು ಒರಟು ಮಾಡುವುದು ಅವರ ಕೆಲಸದ ಪಟ್ಟಿಯಲ್ಲಿತ್ತಂತೆ, ಮರೆತಿದ್ದರಂತೆ. ಗುರುತು ಮುಚ್ಚುವುದು ಬೇಡ ಎಂದರು. ಆಮೇಲೆ ಗೌಡರಲ್ಲಿ ಕೇಳಿಸಿದರು: ಉಳಿದ ಏಳು ಕಟ್ಟೆಗಳನ್ನು ಹಾಕುವಾಗ ದನ ಎಲ್ಲಿತ್ತು?

೯. ಗಂಟೆ ಹೊಡೆದ ಮೇಲೆ

ಕೊನೆಯ ಭಾನುವಾರ. ಮರುದಿನ ಬೆಳಿಗ್ಗೆ ತಂಡ ಹೊರಡುವುದು. ದಾರಿ ಸಿದ್ಧ, ಪೈಪು ಎರಡು ಸಾಲು. ಅಮ್ಮಚ್ಚಿ ಹತ್ತುವುದನ್ನು ನೋಡದೆ ಹೋಗುವುದಿಲ್ಲ ಎಂದು ಲೀಡರ್ ಹೇಳಿದ್ದರು. ಅಮ್ಮಚ್ಚಿ ಹತ್ತುತ್ತಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ವಾರವಿಡೀ ಕೇಳಿದವರಿಗೆಲ್ಲ “ನೋಡುವ” ಎಂದಷ್ಟೇ ಹೇಳಿದ್ದರು. ಹಿಂದಿನ ದಿನ ನಾನು ಅವರ ಚಟ್ಟ, ಮುಂಡು ಇಸ್ತ್ರಿ ಮಾಡುವಾಗ ಮಾತ್ರ, “ಮಡಿಕೆ ಸರಿ ಬರಲಿ, ಎಲ್ಲರೂ ನೋಡುದು,” ಎಂದಿದ್ದರು.

ನಾನು ಲೆಕ್ಕ ಮಾಡಿದ್ದೆ. ಅಂಗಳದಲ್ಲಿ ಅವರ ವೇಗ ನಿಮಿಷಕ್ಕೆ ಮೂರು ಮೀಟರ್. ಎಂಬತ್ತಾರು ಮೀಟರಿಗೆ ಇಪ್ಪತ್ತೊಂಬತ್ತು ನಿಮಿಷ. ಎಂಟು ಕಟ್ಟೆಯಲ್ಲಿ ಎರಡೆರಡು ನಿಮಿಷ ವಿಶ್ರಾಂತಿ. ಒಟ್ಟು ನಲವತ್ತೈದು. ಆರಾಧನೆ ಒಂಬತ್ತಕ್ಕೆ. ಎಂಟಕ್ಕೆ ದಾರಿಯ ಬುಡದಲ್ಲಿ ಅವರನ್ನು ಜೀಪಿನಿಂದ ಇಳಿಸಿದೆ.

“ಅಮ್ಮಚ್ಚಿ, ಹೊರಡುವ.”

“ಗಂಟೆ ಹೊಡೆದಿದ್ದಾರಾ?”

“ಎಂಟೂವರೆಗೆ ಹೊಡೆಯುದು.”

“ಹಾಗಾದ್ರೆ ಕೂತ್ಕೊ. ಗಂಟೆ ಹೊಡೆಯುವ ಮೊದಲು ಚರ್ಚಿಗೆ ಹತ್ತುದು ಕಳ್ಳರು ಮಾತ್ರ.”

ನರ್ಸ್ ಪುತ್ತೂರಿನಿಂದ ಗಾಲಿಕುರ್ಚಿ ತರಿಸಿದ್ದಳು. ಅಮ್ಮಚ್ಚಿ ಅದನ್ನು ಮೆಚ್ಚಿಕೊಂಡರು. ತಮ್ಮ ಕೊಡೆ, ಪ್ರಾರ್ಥನೆ ಪುಸ್ತಕ, ನೀರಿನ ಬಾಟಲಿ ಅದರ ಮೇಲೆ ಇಟ್ಟು, “ಇದನ್ನು ತಳ್ಳಿಕೊಂಡು ಹಿಂದಿನಿಂದ ಬಾ,” ಎಂದರು.

ಎಂಟೂವರೆಗೆ ಗಂಟೆ ಹೊಡೆಯಿತು. ಅಮ್ಮಚ್ಚಿ ಶಿಲುಬೆ ಗುರುತು ಹಾಕಿ ವಾಕರ್ ಎತ್ತಿ ಇಟ್ಟರು. ವೇಗ ಸರಿ ನಿಮಿಷಕ್ಕೆ ಮೂರು ಮೀಟರ್. ಲೆಕ್ಕ ತಪ್ಪಿದ್ದು ಕಟ್ಟೆಯಲ್ಲಿ.

ಒಂದೊಂದು ಕಟ್ಟೆಯಲ್ಲೂ ಮೂರು ನಾಲ್ಕು ಮನೆಯವರು ಸ್ಟೂಲು, ಬಿಸಿನೀರು ಹಿಡಿದು ನಿಂತಿದ್ದರು. ಅಮ್ಮಚ್ಚಿಯ ಹತ್ತಿರ ಮೂರೂವರೆ ವರ್ಷದ ಪ್ರಶ್ನೆಗಳಿದ್ದವು.

“ನಿನ್ನ ಮಗಳಿಗೆ ಗಂಡು ನೋಡಿ ಆಯ್ತಾ?”

“ಆಯ್ತು ಅಮ್ಮಚ್ಚಿ. ಎರಡು ಮಕ್ಕಳೂ ಆದವು.”

“ನನಗೆ ಯಾರೂ ಹೇಳಿಲ್ಲ! ಕೂತ್ಕೊ, ಮೊದಲಿನಿಂದ ಹೇಳು.”

ಮೊದಲ ಕಟ್ಟೆ ಹನ್ನೊಂದು ನಿಮಿಷ ತೆಗೆದುಕೊಂಡಿತು. ಮೂರನೇ ಕಟ್ಟೆಯಲ್ಲಿ ಹಳೆಯ ಒಂದು ಜಗಳ ರಾಜಿಯಾಯಿತು. ನಾಲ್ಕನೆಯದರಲ್ಲಿರುವಾಗ ಆರಾಧನೆ ಶುರುವಾಯಿತು. “ಅಚ್ಚನ್‌ಗೆ ಮೆಲ್ಲ ಹೇಳ್ಲಿಕ್ಕೆ ಹೇಳು,” ಎಂದು ನನ್ನನ್ನು ಮೇಲೆ ಓಡಿಸಿದರು.

ಅಚ್ಚನ್ ಮೆಲ್ಲ ಹೇಳಿದರು. ಐದು ಸಾಲಿನ ಹಾಡಿಗೆ ಹತ್ತು ನಿಮಿಷ ಆಯಿತು. ಪ್ರಸಂಗವನ್ನೂ ಎಳೆದರು. ಇನ್ನು ಎಳೆಯಲು ಏನೂ ಉಳಿಯಲಿಲ್ಲ. ಸಭೆಯ ಅರ್ಧ ಜನ ಕಿಟಕಿಯಲ್ಲಿದ್ದರು. ಅಮ್ಮಚ್ಚಿ ಆರನೇ ಕಟ್ಟೆಯಲ್ಲಿ ಸ್ಟೂಲಿನ ಮೇಲೆ ಕೂತು ದನದ ಹೆಜ್ಜೆಯ ಕತೆ ಕೇಳುತ್ತಿದ್ದರು.

ಅಚ್ಚನ್ ಲೀಡರನ್ನು ಮಾತಿಗೆ ಕರೆದರು. ಲೀಡರ್ ಚಿಕ್ಕದಾಗಿ ಹೇಳಿದರು: “ನಾವು ನಿಮಗೆ ಒಂದು ದಾರಿ ಕೊಡಲು ಬಂದೆವು. ಜಾಗ ಕೊಟ್ಟದ್ದು ಗೌಡರು. ನಕ್ಷೆ ತಿದ್ದಿದ್ದು ಹಾಜಿಯವರು. ಕಾಂಕ್ರೀಟು ಸರಿ ಮಾಡಿದ್ದು ಪೊಲೀಸರು. ಜಾರದ ಹಾಗೆ ಮಾಡಿದ್ದು ದನ. ನಾವು ಊಟ ಮಾಡಿದೆವು.”

ನಾನು ಕನ್ನಡದಲ್ಲಿ ಹೇಳಿದೆ. ನಗು. ಮಲಯಾಳ. ನಗು. ತುಳು. ನಗು. ಅಚ್ಚನ್ ಕಿಟಕಿ ನೋಡಿದರು. ಏಳನೇ ಕಟ್ಟೆ.

“ಗೌಡರೇ,” ಎಂದರು ಅಚ್ಚನ್, “ಅವತ್ತು ನಿಮಗೆ ಬೇಸರ ಆಗಿತ್ತಲ್ಲ. ಬನ್ನಿ. ನಿಮ್ಮ ಭಾಷೆಯಲ್ಲಿ ಹೇಳಿ.”

ಗೌಡರು ಅಂಗಿ ಸರಿ ಮಾಡಿಕೊಂಡು ಮುಂದೆ ಬಂದರು. ಆರು ವಾಕ್ಯ ಅರೆಭಾಷೆಯಲ್ಲಿ ಹನ್ನೆರಡು ನಿಮಿಷ ಆಯಿತು. ಊಟದ ಭಾಗದಲ್ಲಿ ಯಾರು ಎಷ್ಟು ರೊಟ್ಟಿ ತಿಂದರು ಎಂಬುದೂ ಬಂತು. ನಗು. ಅಚ್ಚನ್ ಕಿಟಕಿ ನೋಡಿದರು. ಎಂಟನೇ ಕಟ್ಟೆ.

“ಹಾಜಿಯವರೇ...”

ಹಿಂದಿನ ಬೆಂಚಿನಿಂದ ಹಾಜಿಯವರು ಎದ್ದು ಬ್ಯಾರಿ ಭಾಷೆಯಲ್ಲಿ ಹೇಳಿದರು. ಒಂಬತ್ತು ಮೀಟರಿಗೆ ಒಂದು ಕಟ್ಟೆ ಯಾಕೆ ಬೇಕು ಎಂಬುದನ್ನೂ ಸೇರಿಸಿದರು. ನಗು. ಪೊಲೀಸರೂ ಬಂದಿದ್ದರು, ಮಫ್ತಿಯಲ್ಲಿ. ಅಚ್ಚನ್ ಆಸೆಯಿಂದ ಅವರ ಕಡೆ ನೋಡಿದರು. ಅವರದು ತುಳು, ಅದು ಆಗಿಹೋಗಿತ್ತು.

ಆಗ ಬಾಗಿಲಲ್ಲಿ ವಾಕರಿನ ಸದ್ದು ಕೇಳಿತು. ಟಕ್. ಟಕ್.

ಯಾರು ಹೇಳಿದರೋ ಗೊತ್ತಿಲ್ಲ, ಇಡೀ ಸಭೆ ಎದ್ದು ನಿಂತಿತು. ಲೀಡರ್ ಕಣ್ಣು ಒರೆಸಿಕೊಂಡರು. ನನಗೂ ಗಡಿಯಾರ ಸ್ವಲ್ಪ ಹೊತ್ತು ಸರಿ ಕಾಣಲಿಲ್ಲ. ಅಮ್ಮಚ್ಚಿ ಹೊಸ್ತಿಲಲ್ಲಿ ನಿಂತು ಆಚೆ ಈಚೆ ನೋಡಿದರು.

“ಎಲ್ಲರೂ ಯಾಕೆ ಎದ್ದು ನಿಂತಿದ್ದೀರಿ? ನಡೆದು ಬಂದದ್ದು ನಾನು. ಹೊತ್ತುಕೊಂಡು ಬಂದದ್ದಲ್ಲ. ಕೂತ್ಕೊಳ್ಳಿ.”

ಎಲ್ಲರೂ ಕೂತರು. ಹೆಂಗಸರ ಬದಿಯ ಮೂರನೇ ಬೆಂಚು, ಕಿಟಕಿಯ ಪಕ್ಕ. ಅಲ್ಲಿ ಕೂತಿದ್ದವರು ಜಾರಿ ಜಾಗ ಬಿಟ್ಟರು. ಅಮ್ಮಚ್ಚಿ ಕೂತು, ಮುಂಡಿನ ಮಡಿಕೆ ಸರಿ ಮಾಡಿ, ಪ್ರಾರ್ಥನೆ ಪುಸ್ತಕ ಮಡಿಲಲ್ಲಿಟ್ಟು ಅಚ್ಚನ್ ಕಡೆ ನೋಡಿದರು.

“ಪ್ರಸಂಗ ಆಗಿಹೋಯ್ತಾ?”

ಚರ್ಚಿನ ಒಳಗೆ ಅಚ್ಚನ್ ಸುಳ್ಳು ಹೇಳಿದ್ದನ್ನು ನಾವು ಕೇಳಿದ್ದು ಅದೇ ಮೊದಲು.

“ಇಲ್ಲ ಅಮ್ಮಚ್ಚಿ. ನಿಮಗೋಸ್ಕರ ಕಾಯ್ತಾ ಇದ್ದೆವು.”

ಮೊದಲ ಶಬ್ದದಿಂದ ಶುರು ಮಾಡಿದರು. ಯಾರೂ ಕೆಮ್ಮಲಿಲ್ಲ. ನಾನು ಗಡಿಯಾರ ನೋಡಿ ಬರೆದುಕೊಂಡೆ.

ದಾರಿಯ ಉದ್ದ ಎಂಬತ್ತಾರು ಮೀಟರ್. ಹತ್ತಲು ಹಿಡಿದದ್ದು ನೂರ ನಲವತ್ತನಾಲ್ಕು ನಿಮಿಷ. ಪ್ರಸಂಗದಲ್ಲಿ ಅಮ್ಮಚ್ಚಿ ಎಚ್ಚರವಿದ್ದದ್ದು ನಾಲ್ಕು ನಿಮಿಷ.